ಕೈಮುಗಿದು ಕಡತ ಮುಚ್ಚುವವರು

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೆಂಚಿನ ಮೇಲೆ ಕೂತು ಮಾತಾಡುತ್ತವೆ. ತಲೆಗೆ ಬಂದದ್ದು ರುಮಾಲಿಗೆ ಹೋಯಿತು ಎಂಬ ಗಾದೆ ಮೂರರಲ್ಲೂ ಇದೆ. ಹೊರಟ ರೈಲಿಗೆ ಓಡಿಬಂದು ಹತ್ತುವವನ ಕಾಲು ಜಾರಿ, ಒಳಗಿದ್ದವರು ರಟ್ಟೆ ಹಿಡಿದು ಎಳೆದುಕೊಂಡರೆ ಈ ಗಾದೆ ಬರುತ್ತದೆ. ಎದುರಿಗೆ ನುಗ್ಗಿದ ಟಿಪ್ಪರ್ ಬೈಕಿನ ಕನ್ನಡಿಯನ್ನಷ್ಟೇ ಮುರಿದು ಹೋದರೂ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು ಮಾತು: ದೇವರು ದೊಡ್ಡವನು, ಮನೆದೇವರು ಕೈಬಿಡಲಿಲ್ಲ. ಸುತ್ತ ಇದ್ದವರು ಹೌದು ಹೌದು ಅನ್ನುತ್ತಾರೆ. ಸಂಜೆಗೆ ಒಂದು ತೆಂಗಿನಕಾಯಿ ಒಡೆಯುತ್ತದೆ. ಅಲ್ಲಿಗೆ ಆ ಪ್ರಕರಣ ಮುಗಿಯಿತು.

ಅದು ಅಲ್ಲಿಗೇ ಮುಗಿಯುತ್ತದಲ್ಲ, ನನ್ನ ತಕರಾರು ಅದರ ಮೇಲೆ. ದೇವರಿದ್ದಾನೋ ಇಲ್ಲವೋ ಎಂಬ ವಾದಕ್ಕೆ ನಾನು ಇಳಿಯುತ್ತಿಲ್ಲ; ಕಾಯಿ ಒಡೆಯುವವರ ಕೈ ಹಿಡಿಯುವ ಇಚ್ಛೆಯೂ ನನಗಿಲ್ಲ. ನಾನು ಹೇಳುವುದು ಇಷ್ಟು: ದಾರಿಯಲ್ಲಿ ಗಂಡಾಂತರ ಕಳೆದಾಗ ನಾವು ಸಲ್ಲಿಸುವ ಈ ಕೃತಜ್ಞತೆ, ಇವತ್ತು ನಾವು ಅದನ್ನು ರೂಢಿ ಮಾಡಿಕೊಂಡಿರುವ ಬಗೆಯಲ್ಲಿ, ಕಾಪಾಡಿದ ಮನುಷ್ಯರನ್ನು ಮರೆಸುತ್ತದೆ, ಅಪಾಯ ತಂದವರನ್ನು ಬಚ್ಚಿಡುತ್ತದೆ, ಪಾರಾಗದೆ ಸತ್ತವರನ್ನು ಅವಮಾನಿಸುತ್ತದೆ, ನಾಳೆ ಇನ್ಯಾರೋ ಸಾಯುವುದಕ್ಕೆ ದಾರಿ ಬಿಟ್ಟುಕೊಡುತ್ತದೆ. ಇಷ್ಟು ಕೆಡುಕು ಮಾಡುವುದನ್ನು ಭಕ್ತಿ ಎಂದು ಕರೆಯಲು ನಾನು ತಯಾರಿಲ್ಲ.

ಎದುರುಪಕ್ಷದ ಮಾತನ್ನು ಮೊದಲು ನ್ಯಾಯವಾಗಿ ಇಡೋಣ. ಕೃತಜ್ಞತೆಯಿಂದ ಯಾರಿಗೆ ಏನು ನಷ್ಟ, ಎನ್ನುತ್ತಾರೆ ಅವರು. ಮನುಷ್ಯನ ಕೈಯಲ್ಲಿ ಎಲ್ಲವೂ ಇಲ್ಲ ಎಂಬ ಅರಿವು ಅಹಂಕಾರವನ್ನು ಇಳಿಸುತ್ತದೆ. ಬೆಳಗಿನ ಜಾವ ಮನೆ ಬಿಟ್ಟು ರಾತ್ರಿ ಮರಳುವ ಕೂಲಿಯವನಿಗೆ, ಗಾರ್ಮೆಂಟ್ಸ್ ಹೆಣ್ಣುಮಗಳಿಗೆ, ದಿನದ ಭಯವನ್ನು ಇಳಿಸಿಡಲು ಒಂದು ಜಾಗ ಬೇಕು. ದೇವರಲ್ಲದೆ ಇನ್ಯಾರ ಬಳಿ ಇಳಿಸಿಯಾರು? ಕೆಟ್ಟದ್ದು ಆಗಲಿಲ್ಲವಲ್ಲ ಎಂದು ಸಮಾಧಾನಪಡುವುದು ಬಿಟ್ಟು ಅದನ್ನೇ ಕೆದಕುತ್ತ ಕೂರುವುದು ಯಾವ ಜಾಣತನ? ಈ ವಾದ ಹಗುರವಾದದ್ದಲ್ಲ. ಇದನ್ನು ನಗೆಯಾಡಿ ತಳ್ಳಿಹಾಕುವ ವಿಚಾರವಾದಿಗಳು ಜನರಲ್ ಬೋಗಿಯ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿನಲ್ಲಿ ನಿಂತು ಬಂದವರಾಗಿರಲಿಕ್ಕಿಲ್ಲ.

ಆದರೆ ಇದೇ ಊರು, ಇದೇ ರೈಲುದಾರಿ ಆ ವಾದಕ್ಕೆ ಉತ್ತರವನ್ನೂ ಇಟ್ಟುಕೊಂಡಿವೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಹಳಿ ಬಂತು. ಮೈಸೂರಿನ ಕಮಿಷನರ್ ಲೆವಿನ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆಯಾಗಿದ್ದ ಈ ಊರಿಗೆ ಕೆಜಿಎಫ್‌ನ ಚಿನ್ನದ ಗಣಿಯಿಂದ 1894ರಲ್ಲಿ ಕವಲು ದಾರಿ ಸೇರಿತು. 1913ರಲ್ಲಿ ಕೋಲಾರಕ್ಕೆ ಪುಟ್ಟ ಗೇಜಿನ ರೈಲು ಹೊರಟಿತು. ಗಣಿಗೆ ಯಂತ್ರ ತರಲು, ಜನ ತರಲು ಹಾಕಿದ ಆ ಕವಲು ಹಳಿ ಗಣಿ ಮುಚ್ಚಿದ ಮೇಲೆ ತಿರುಗಿ ನಿಂತಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಅಂದಿನಿಂದ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್‌ನಲ್ಲಿ ಹತ್ತಿದ ಜನ ಬಂಗಾರಪೇಟೆ ದಾಟಿ, ಟ್ಯಾಕಲ್, ಮಾಲೂರು, ವೈಟ್‌ಫೀಲ್ಡ್ ಹಾದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅಪ್ಪ ನೆಲದಾಳಕ್ಕೆ ಇಳಿಯುತ್ತಿದ್ದ, ಮಗ ಸೀಜನ್ ಪಾಸು ಹಿಡಿದು ಹತ್ತಿರ ಹತ್ತಿರ ನೂರು ಕಿಲೋಮೀಟರ್ ಆಚೆಗೆ ಹೋಗುತ್ತಾನೆ. ಅಪಾಯ ಮಾತ್ರ ಮನೆ ಬಿಟ್ಟು ಹೋಗಿಲ್ಲ, ರೂಪ ಬದಲಿಸಿದೆ. ಕಾಲಿಡಲು ಜಾಗವಿಲ್ಲದ ಬಾಗಿಲು, ಔಟರ್‌ನಲ್ಲಿ ನಿಂತ ಗಾಡಿಯಿಂದ ಹಳಿಗೆ ಧುಮುಕುವ ಆತುರ, ಮೇಲ್ಸೇತುವೆ ಹತ್ತಲು ಸಮಯವಿಲ್ಲದೆ ಹಳಿ ದಾಟುವ ಓಟ, ಕತ್ತಲಲ್ಲಿ ಸ್ಟೇಷನ್ನಿನಿಂದ ಊರಿಗೆ ಬೈಕಿನ ಸವಾರಿ. ಇಂಥ ದಿನಚರಿಯಲ್ಲಿ ಪಾರಾಗುವುದೇ ಒಂದು ಕಸುಬಾಗಿಬಿಟ್ಟಿದೆ. ಹಾಗಾಗಿ ದೇವರಿಗೆ ಸಲ್ಲುವ ವಂದನೆಗಳಿಗೂ ಇಲ್ಲಿ ಬರವಿಲ್ಲ.

ಆ ವಂದನೆ ಯಾರಿಗೆಲ್ಲ ಸಲ್ಲಬೇಕಿತ್ತು ಎಂದು ಕೇಳಿ ನೋಡಿ. ರೈಲು ಬೆಳಿಗ್ಗೆ ಕ್ಷೇಮವಾಗಿ ಬೆಂಗಳೂರು ಮುಟ್ಟಿತು ಅಂದರೆ, ಅದಕ್ಕೂ ಮೊದಲು ಒಬ್ಬ ಕೀಮನ್ ಸುತ್ತಿಗೆ, ಸ್ಪ್ಯಾನರ್ ಹಿಡಿದು ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು ಕೀಲಿಗಳು ಸಡಿಲಾಗಿವೆಯೇ ಎಂದು ನೋಡಿದ್ದಾನೆ. ಚಳಿಗಾಲದಲ್ಲಿ ಉಕ್ಕು ಕುಗ್ಗಿ ಹಳಿ ಬಿರುಕು ಬಿಡುವ ಭಯ. ಅದಕ್ಕೇ ಗ್ಯಾಂಗ್‌ಮನ್‌ಗಳು ರಾತ್ರಿ ಟಾರ್ಚು ಹಿಡಿದು ಗಸ್ತು ತಿರುಗುತ್ತಾರೆ. ಎಂಜಿನ್ನಿನಲ್ಲಿ ಇಬ್ಬರು ಪ್ರತಿ ಸಿಗ್ನಲ್ಲಿನ ಬಣ್ಣವನ್ನೂ ಒಬ್ಬರಿಗೊಬ್ಬರು ಕೂಗಿ ಹೇಳಿಕೊಳ್ಳುತ್ತ ಬರುತ್ತಾರೆ. ಇವರ ಹೆಸರು ನಮಗೆ ಗೊತ್ತಿಲ್ಲ, ಮುಖ ಗೊತ್ತಿಲ್ಲ. ಹಳಿಯ ಪಕ್ಕ ಸರಿದು ನಿಂತ ಗ್ಯಾಂಗ್‌ಮನ್ ಕಿಟಕಿಯಿಂದ ಒಂದು ಕ್ಷಣ ಕಂಡು ಮಾಯವಾಗುತ್ತಾನೆ. ಅವನೂ ಅದೇ ಹಳಿಯ ಮೇಲೆ ಜೀವ ಒತ್ತೆಯಿಟ್ಟವನು. ಕೆಲಸದ ನಡುವೆ ರೈಲಿಗೆ ಸಿಕ್ಕಿ ಸಾಯುವ ಗ್ಯಾಂಗ್‌ಮನ್‌ಗಳ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಾಗಿ ಬರುತ್ತದೆ. ನಮ್ಮ ಕ್ಷೇಮಕ್ಕೆ ಕೈಮುಗಿಯುವಾಗ ನಾವು ಇವರೆಲ್ಲರ ತಲೆಯ ಮೇಲಿಂದ ಆಕಾಶ ನೋಡುತ್ತೇವೆ. ದೇವರು ಅವರ ಮೂಲಕವೇ ಕಾಪಾಡಿದ ಎಂದು ಭಕ್ತರು ತಿದ್ದಬಹುದು. ಒಪ್ಪಿದೆ. ಹಾಗಿದ್ದರೆ ಆ ಕೀಮನ್ ದೇವರ ಕೈ ಆಗಬೇಕಲ್ಲ? ದೇವರ ಕೈಗೆ ಚಳಿಗೆ ಕೋಟು ಇದೆಯೇ, ಎದುರಿಂದ ಗಾಡಿ ಬರುತ್ತಿದೆ ಎಂದು ಎಚ್ಚರಿಸುವ ಸಾಧನ ಸಿಕ್ಕಿದೆಯೇ ಎಂದು ಯಾವ ಭಕ್ತಮಂಡಳಿಯೂ ಕೇಳಿದ್ದನ್ನು ನಾನು ಕಂಡಿಲ್ಲ.

ಕಾಪಾಡಿದವರ ಮಾತು ಇದಾಯಿತು. ಸತ್ತವರ ವಿಷಯಕ್ಕೆ ಬಂದರೆ ಈ ಕೃತಜ್ಞತೆ ಇನ್ನೂ ಕ್ರೂರವಾಗುತ್ತದೆ. 2023ರ ಜೂನ್ 2ರ ಸಂಜೆ ಒಡಿಶಾದ ಬಾಲಸೋರ್ ಜಿಲ್ಲೆಯ ಬಹನಾಗಾ ಬಜಾರ್‌ನಲ್ಲಿ ಮೂರು ರೈಲುಗಳು ಒಂದರ ಮೇಲೊಂದು ಬಿದ್ದವು. ಚೆನ್ನೈ ಕಡೆಗೆ ಹೊರಟಿದ್ದ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಹಳಿಯಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಗುದ್ದಿತು. ಅದರ ಬೋಗಿಗಳು ಪಕ್ಕದ ಹಳಿಯಲ್ಲಿ ಹಾದುಹೋಗುತ್ತಿದ್ದ, ಬೆಂಗಳೂರಿನಿಂದ ಹೊರಟ ಹೌರಾ ರೈಲಿನ ಹಿಂಭಾಗಕ್ಕೆ ಬಡಿದವು. 290ಕ್ಕೂ ಹೆಚ್ಚು ಜನ ಸತ್ತರು. ಆ ಹೌರಾ ರೈಲಿನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕಳಸದ ಕಡೆಯ ನೂರಕ್ಕೂ ಹೆಚ್ಚು ಯಾತ್ರಿಕರು ಸಮ್ಮೇದ ಶಿಖರ್ಜಿಗೆ ಹೊರಟಿದ್ದರು. ವಿಶಾಖಪಟ್ಟಣದಲ್ಲಿ ಎಂಜಿನ್ ಇನ್ನೊಂದು ತುದಿಗೆ ಬಂದದ್ದರಿಂದ ಹಿಂದಿದ್ದ ಅವರ ಬೋಗಿಗಳು ಮುಂದಾಗಿದ್ದವು. ಅಷ್ಟೂ ಜನ ಉಳಿದರು. ಅವರು ದೇವರನ್ನು ನೆನೆದದ್ದರಲ್ಲಿ ತಪ್ಪು ಹುಡುಕುವವನು ಕಲ್ಲೆದೆಯವನು, ನಾನು ಹುಡುಕುತ್ತಿಲ್ಲ. ಆ ಗಳಿಗೆಯಲ್ಲಿ ಬಾಯಿಂದ ಬೇರೆ ಮಾತು ಹೊರಡುವುದೂ ಇಲ್ಲ.

ತಪ್ಪು, ಮನೆಯಲ್ಲಿ ಕೂತು ಟಿವಿ ನೋಡಿದ ನಮ್ಮದು. ಯಾತ್ರೆಗೆ ಹೊರಟವರನ್ನು ದೇವರು ಕಾದ ಎಂಬ ಸುದ್ದಿ ನಮಗೆ ಹಿತವಾಯಿತು. ಆ ವಾಕ್ಯದ ಇನ್ನರ್ಧವನ್ನು ನಾವು ಯಾರೂ ಪೂರ್ಣ ಮಾಡಲಿಲ್ಲ. ಇವರನ್ನು ಕಾದವನು ಅವರನ್ನು ಏಕೆ ಬಿಟ್ಟ? ಕೋರಮಂಡಲ್ ಎಕ್ಸ್‌ಪ್ರೆಸ್ಸಿನ ಮುಂಭಾಗದ ಬೋಗಿಗಳೇ ಹೆಚ್ಚು ನುಚ್ಚುನೂರಾದವು. ಅವುಗಳಲ್ಲಿ ಸೀಟು ಕಾದಿರಿಸದವರು ಹತ್ತುವ ಜನರಲ್ ಬೋಗಿಗಳಿದ್ದವು, ಕೆಲಸ ಹುಡುಕಿ ದಕ್ಷಿಣಕ್ಕೆ ಹೊರಟ ಬಂಗಾಳ, ಬಿಹಾರ, ಒಡಿಶಾದ ಹುಡುಗರಿದ್ದರು. ಅವರ ಹೆಸರು ಯಾವ ಚಾರ್ಟಿನಲ್ಲೂ ಇರಲಿಲ್ಲ. ವಾರಸುದಾರರು ಸಿಗದ 28 ಹೆಣಗಳನ್ನು ನಾಲ್ಕು ತಿಂಗಳು ಶೀತಾಗಾರದಲ್ಲಿಟ್ಟು ಕೊನೆಗೆ ಭುವನೇಶ್ವರದಲ್ಲೇ ಸುಡಲಾಯಿತು. ದೇವರು ಕಾಯುವಾಗ ರಿಸರ್ವೇಶನ್ ಚಾರ್ಟು ನೋಡುತ್ತಾನೆಯೇ? ಮನೆಯಿಂದ ಹೊರಡುವಾಗ ಅವರ ತಾಯಂದಿರು ಹರಸಲಿಲ್ಲವೇ, ಕೈಗೆ ದಾರ ಕಟ್ಟಿರಲಿಲ್ಲವೇ? ಪಾರಾದವನ ಪುಣ್ಯ ಎಂದು ಹೇಳಿದ ಉಸಿರಿನಲ್ಲೇ ಸತ್ತವನ ಪಾಪ ಎಂದೂ ಹೇಳಿದಂತಾಗುತ್ತದೆ. ಬಾಯಿಬಿಟ್ಟು ಹೇಳದಿರಬಹುದು, ಲೆಕ್ಕ ಮಾತ್ರ ಹಾಗೇ ಕೂಡುತ್ತದೆ. ಬಂಗಾರಪೇಟೆಯಿಂದ ನಿತ್ಯ ಜನರಲ್ ಬೋಗಿಯಲ್ಲಿ ತೂರಿಕೊಂಡು ಹೋಗುವ ನಾವು ಈ ಲೆಕ್ಕಕ್ಕೆ ಸುಮ್ಮನೆ ಸಹಿ ಹಾಕಬಾರದು.

ಇನ್ನು ನನ್ನ ಮುಖ್ಯವಾದ ದೂರು. ಬಾಲಸೋರ್‌ಗೆ ಕಾರಣ ಏನೆಂದು ತಿಳಿಯಲು ಪಂಚಾಂಗ ತೆಗೆಯಬೇಕಿಲ್ಲ. ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಹೇಳಿದೆ: ಹಿಂದೆ ಎಂದೋ ಸಿಗ್ನಲ್ ಸರ್ಕ್ಯೂಟ್ ಬದಲಿಸುವಾಗ ಆದ ಲೋಪ, ಆ ದಿನ ಲೆವೆಲ್ ಕ್ರಾಸಿಂಗ್ 94ರ ಗೇಟಿಗೆ ಹೊಸ ವಿದ್ಯುತ್ ತಡೆಗಂಬ ಜೋಡಿಸುವಾಗ ಆದ ಲೋಪ, ಎರಡೂ ಸೇರಿ ಸಿಗ್ನಲ್ ಮುಖ್ಯ ಹಳಿಗೆ ಹಸಿರು ತೋರಿಸಿತು, ಹಳಿ ಬದಲಿಸುವ ಪಾಯಿಂಟ್ ಮಾತ್ರ ಲೂಪ್ ಹಳಿಗೆ ತಿರುಗಿಕೊಂಡಿತ್ತು. ಡ್ರೈವರ್ ಹಸಿರು ನಂಬಿ ಬಂದ. ಇಷ್ಟು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರದ ಸಂಗತಿ ನಮ್ಮ ಕರ್ನಾಟಕದ್ದು. ಅದೇ ವರ್ಷ ಫೆಬ್ರವರಿ 8ರಂದು, ಅಂದರೆ ಬಾಲಸೋರ್‌ಗೆ ಸುಮಾರು ನಾಲ್ಕು ತಿಂಗಳು ಮೊದಲು, ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್‌ಗೆ ಹೆಚ್ಚುಕಡಿಮೆ ಇದೇ ಗತಿ ಕಾದಿತ್ತು. ಸಿಗ್ನಲ್ ಒಂದು ಹಳಿಯನ್ನು ತೋರಿಸುತ್ತಿತ್ತು, ಪಾಯಿಂಟ್ ಇನ್ನೊಂದಕ್ಕೆ ತಿರುಗಿತ್ತು. ಎಂಜಿನ್ ಚಾಲಕ ಅದನ್ನು ಕಂಡು ಗಾಡಿ ನಿಲ್ಲಿಸಿದ. ಎದುರು ಹಳಿಯ ಗೂಡ್ಸ್ ಗಾಡಿಗೆ ಡಿಕ್ಕಿಯಾಗುವುದು ತಪ್ಪಿತು.

ಯಾರೂ ಸಾಯಲಿಲ್ಲ, ಹಾಗಾಗಿ ಅದು ದೊಡ್ಡ ಸುದ್ದಿಯಾಗಲಿಲ್ಲ. ಆದರೆ ನೈಋತ್ಯ ರೈಲ್ವೆಯ ಹಿರಿಯ ಕಾರ್ಯಾಚರಣೆ ಅಧಿಕಾರಿಯೊಬ್ಬರು ಮರುದಿನವೇ ಪತ್ರ ಬರೆದರು. ಇದು ಬರೀ ಒಂದು ಸ್ಟೇಷನ್ನಿನ ಎಡವಟ್ಟಲ್ಲ, ವ್ಯವಸ್ಥೆಯಲ್ಲೇ ಗಂಭೀರ ದೋಷವಿದೆ, ಸರಿಪಡಿಸದಿದ್ದರೆ ದೊಡ್ಡ ಅಪಘಾತಗಳಾಗಬಹುದು ಎಂಬ ಎಚ್ಚರಿಕೆ ಅದರಲ್ಲಿತ್ತು. ಆ ಪತ್ರವನ್ನು ದೇಶ ಓದಿದ್ದು ಜೂನ್ 2ರ ನಂತರ. ಇನ್ನೂ ಹಿಂದಕ್ಕೆ ಹೋದರೆ, 2022ರ ಮೇ 16ರಂದು ಖರಗ್‌ಪುರ ವಿಭಾಗದಲ್ಲೇ, ಬಾಂಕ್ರಾನಯಾಬಾಜ್ ಎಂಬ ಸ್ಟೇಷನ್ನಿನಲ್ಲಿ, ವೈರಿಂಗ್ ತಪ್ಪಿನಿಂದ ಇಂಥದ್ದೇ ಘಟನೆ ನಡೆದಿತ್ತು. ಅಂದೇ ತಪ್ಪು ವೈರಿಂಗಿನ ಪಿಡುಗನ್ನು ಸರಿಪಡಿಸಿದ್ದರೆ ಬಹನಾಗಾದ ಅಪಘಾತ ಆಗುತ್ತಲೇ ಇರಲಿಲ್ಲ ಎಂದು ಆಯುಕ್ತರ ವರದಿ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಎರಡು ಬಾರಿ ಗಂಡಾಂತರ ಬಂದು ಬಾಗಿಲು ತಟ್ಟಿ ಹೋಯಿತು. ಸದ್ಯ ಏನೂ ಆಗಲಿಲ್ಲವಲ್ಲ ಎಂದು ಎಷ್ಟು ಮೇಜುಗಳ ಹಿಂದೆ ಎಷ್ಟು ಮಂದಿ ನಿಟ್ಟುಸಿರುಬಿಟ್ಟರೋ. ಮೂರನೆಯ ಬಾರಿ ಅದು ಬಾಗಿಲು ತಟ್ಟಲಿಲ್ಲ.

ಇದೇ ಪಾಠವನ್ನು ಅಮೆರಿಕದ ವಿಮಾನಗಳು 1974ರಲ್ಲಿ ಕಲಿತವು. ಆ ವರ್ಷ ಡಿಸೆಂಬರ್ 1ರಂದು ಟಿಡಬ್ಲ್ಯೂಎ ಸಂಸ್ಥೆಯ ವಿಮಾನವೊಂದು ವಾಷಿಂಗ್ಟನ್ ಸಮೀಪ ಇಳಿಯುವ ಮೊದಲೇ ಗುಡ್ಡಕ್ಕೆ ಅಪ್ಪಳಿಸಿ 92 ಜನ ಸತ್ತರು. ತನಿಖೆಯಲ್ಲಿ ಗೊತ್ತಾದದ್ದು: ಸುಮಾರು ಆರು ವಾರ ಹಿಂದೆ ಇನ್ನೊಂದು ಸಂಸ್ಥೆಯ ವಿಮಾನ ಅದೇ ಗೊಂದಲಕ್ಕೆ ಸಿಕ್ಕಿ, ಅದೇ ಗುಡ್ಡವನ್ನು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತ್ತು. ಆ ಸಂಸ್ಥೆ ತನ್ನ ಪೈಲಟ್‌ಗಳನ್ನು ಎಚ್ಚರಿಸಿತು, ಮಿಕ್ಕವರಿಗೆ ತಿಳಿಯಲಿಲ್ಲ. ಇದಾದ ಮೇಲೆ, 1976ರಲ್ಲಿ, ಪೈಲಟ್‌ಗಳು ತಾವು ಪಾರಾದ ಪ್ರಸಂಗಗಳನ್ನು ಹೆದರಿಕೆಯಿಲ್ಲದೆ ಬರೆದು ಕಳಿಸಲು ನಾಸಾ ಒಂದು ವ್ಯವಸ್ಥೆಯನ್ನೇ ಮಾಡಿತು. ಆ ದೇಶದಲ್ಲೂ ಚರ್ಚುಗಳಿವೆ, ಇಳಿದ ಕೂಡಲೇ ಎದೆಯ ಮೇಲೆ ಶಿಲುಬೆ ಎಳೆದುಕೊಳ್ಳುವವರಿದ್ದಾರೆ. ಎಳೆದುಕೊಂಡ ಮೇಲೆ ಅರ್ಜಿ ತುಂಬುತ್ತಾರೆ. ನಾವು ಕೈಮುಗಿದು ಮನೆಗೆ ಹೋಗುತ್ತೇವೆ.

ಅಮೆರಿಕ ದೂರವಾಯಿತು ಎನ್ನುವವರು ಊರ್ಗಾಂ ದಾರಿ ಹಿಡಿಯಲಿ. ದೇವರನ್ನು ನಂಬಿದ ದುಡಿಮೆ ಯಾವುದಾದರೂ ಇದ್ದರೆ ಅದು ಕೆಜಿಎಫ್‌ನ ಗಣಿ ದುಡಿಮೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಲ್ಲಿ ಬಂಡೆಯೇ ಸುಡುತ್ತಿತ್ತು; ಒತ್ತಡ ತಾಳದೆ ಕಲ್ಲು ಸಿಡಿದರೆ ಮೇಲೆ ಊರಿನ ಮನೆಗಳೂ ಅದುರುತ್ತಿದ್ದವು. ಕೇಜಿಗೆ ಕಾಲಿಡುವವನು ಮಾರಿಯಮ್ಮನನ್ನೋ ಮೇರಿಮಾತೆಯನ್ನೋ ನೆನೆಯದೆ ಇಳಿದನೆಂದರೆ ನಂಬುವುದು ಕಷ್ಟ. ಆದರೆ ಆ ಕೇಜನ್ನು ಇಳಿಸುವ ಉಕ್ಕಿನ ಹಗ್ಗವನ್ನು ಯಾರೂ ಮಾರಿಯಮ್ಮನ ಜವಾಬ್ದಾರಿಗೆ ಬಿಡಲಿಲ್ಲ. ಅದನ್ನು ಪರೀಕ್ಷಿಸಲು ನಿಯಮವಿತ್ತು, ಆಳಿದ್ದ, ದಾಖಲೆ ಪುಸ್ತಕವಿತ್ತು. ಕಲ್ಲು ಸಿಡಿತವನ್ನು ಅಮ್ಮನ ಕೋಪ ಎಂದು ಬಿಡದೆ ನೆಲದ ನಡುಕ ಅಳೆಯುವ ಯಂತ್ರಗಳನ್ನು ಇಟ್ಟರು. 1970ರ ದಶಕದ ಕೊನೆಗೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಅಂಥ ಯಂತ್ರಗಳ ಜಾಲವೇ ಬಂತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಇದೇ ಕೆಜಿಎಫ್‌ನಲ್ಲಿ. ಕಲ್ಲಿನ ಸಿಟ್ಟನ್ನು ಓದುವ ವಿದ್ಯೆಯನ್ನು ಈ ಊರು ದೇಶಕ್ಕೆ ಕಲಿಸಿತು.

ಎಲ್ಲಕ್ಕಿಂತ ಮಿಗಿಲಾಗಿ, ಗಣಿಯ ಕಾನೂನಿಗೆ ಪಾರಾಗುವುದರ ಬೆಲೆ ಗೊತ್ತಿತ್ತು. 1952ರ ಗಣಿ ಕಾಯಿದೆಯ 23ನೇ ಕಲಮು ಸಾವು, ಗಾಯಗಳಿಗಷ್ಟೇ ನಿಲ್ಲುತ್ತಿರಲಿಲ್ಲ. ಕೇಜಿನ ಹಗ್ಗ ಹರಿದರೆ, ಕೇಜು ಮಿತಿ ಮೀರಿ ಮೇಲೇರಿದರೆ, ಯಾರ ಮೈಗೂ ಗೀರು ಬೀಳದಿದ್ದರೂ ಅದನ್ನು ಮೇಲಿನವರಿಗೆ ತಿಳಿಸಲೇಬೇಕಿತ್ತು. ರೈಲ್ವೆಯ ಅಪಘಾತ ಕೈಪಿಡಿಯಲ್ಲೂ ಆಗದೆ ತಪ್ಪಿದ ಡಿಕ್ಕಿಗೆ ಬೇರೆಯದೇ ಒಂದು ವರ್ಗವಿದೆ. ಕಾನೂನು ಬರೆದವರು ನಾಸ್ತಿಕರೇನಲ್ಲ. ಪಾರಾದದ್ದು ಸಾಕ್ಷ್ಯ, ಅದನ್ನು ಕಳೆದುಕೊಳ್ಳಬಾರದು ಎಂಬಷ್ಟು ವಿವೇಕ ಅವರಿಗಿತ್ತು. ಆ ಸಾಕ್ಷ್ಯವನ್ನು ಕರ್ಪೂರದ ಜೊತೆ ಉರಿಸಿಬಿಡುವವರು ನಾವು. ಗಣಿಯಲ್ಲಿ ಅಪಘಾತಗಳು ನಿಂತುಹೋದವೆಂದು ನಾನು ಹೇಳುತ್ತಿಲ್ಲ. ಬಹಳ ಜನ ಸತ್ತರು, ಉಳಿದವರಲ್ಲಿ ಎಷ್ಟೋ ಮಂದಿ ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡರು. ಆದರೂ ಅಜ್ಜ ಕೆಲಸ ಮಾಡಿದ ಜಾಗದಲ್ಲಿ ಹರಿದ ಹಗ್ಗಕ್ಕೆ ಲೆಕ್ಕವಿತ್ತು. ಮೊಮ್ಮಗ ಓಡಾಡುವ ದಾರಿಯಲ್ಲಿ ಜಾರಿದ ಕಾಲಿಗೆ ಲೆಕ್ಕವಿಲ್ಲ.

ಕೋಲಾರಮ್ಮನ ಗುಡಿಗೆ ಹೋದವರಿಗೆ ಅಲ್ಲಿನ ಚೇಳಮ್ಮ ಗೊತ್ತು. ಆಕೆಗೆ ಕೈಮುಗಿದರೆ ಚೇಳು ಕಚ್ಚದು ಎಂಬ ನಂಬಿಕೆ ಈ ಸೀಮೆಯಲ್ಲಿ ಹಳೆಯದು. ಹಾಗೆ ನಂಬಿದ ಮುದುಕಿಯೂ ಹೊಲದ ಮನೆಯಲ್ಲಿ ಬೆಳಿಗ್ಗೆ ಚಪ್ಪಲಿ ಕೊಡವಿಯೇ ಕಾಲಿಡುತ್ತಾಳೆ. ಆಕೆಯ ನಂಬಿಕೆ ಕಮ್ಮಿಯೆಂದು ಯಾರೂ ಅನ್ನುವುದಿಲ್ಲ. ಈ ಮುದುಕಿಯ ಬುದ್ಧಿ ನಮಗೆ ರಸ್ತೆಗೆ ಬಂದ ಕೂಡಲೇ ಎಲ್ಲಿ ಹೋಗುತ್ತದೆ?

ಹೊಸ ಬೈಕಿಗೆ ಪೂಜೆಯಾಗುತ್ತದೆ. ಚಕ್ರದಡಿ ನಿಂಬೆಹಣ್ಣು ಸಿಡಿಯುತ್ತದೆ, ಹ್ಯಾಂಡಲ್ಲಿಗೆ ಹೂವು, ದೃಷ್ಟಿಗೆ ಮೆಣಸಿನಕಾಯಿ. ಹೆಲ್ಮೆಟ್ಟು ಟ್ಯಾಂಕಿನ ಮೇಲೆ ಕೂತಿರುತ್ತದೆ, ಪೊಲೀಸರು ಕಂಡಾಗ ತಲೆಗೆ ಹತ್ತುತ್ತದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಅವರಲ್ಲಿ 50,029 ಮಂದಿ ಹೆಲ್ಮೆಟ್ ಹಾಕದ ಬೈಕ್ ಸವಾರರು ಮತ್ತು ಹಿಂಬದಿಯವರು. ಅವರ ಬೈಕುಗಳಲ್ಲಿ ಪೂಜೆ ಕಾಣದವು ಎಷ್ಟಿದ್ದಾವು? ನಮ್ಮ ಪಕ್ಕದಲ್ಲೇ ಹೊಸಕೋಟೆಯಿಂದ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇ ಸಿದ್ಧವಾಯಿತು. ಚೆನ್ನೈವರೆಗಿನ ಕೆಲಸ ಮುಗಿಯುವ ಮೊದಲೇ, 2024ರ ಕೊನೆಗೆ, ಈ 71 ಕಿಲೋಮೀಟರಿನ ಮೇಲೆ ವಾಹನಗಳು ಹರಿಯತೊಡಗಿದವು. ಅತಿವೇಗದ ಕಾರುಗಳಿಗೆಂದು ಮಾಡಿದ ದಾರಿಗೆ ಸುತ್ತಲಿನ ಹಳ್ಳಿಗಳ ಬೈಕುಗಳೂ ಹತ್ತಿದವು. ಅಪಘಾತಗಳು ಶುರುವಾದವು. ಆಮೇಲೆ ಕೇಳಿಬಂದ ಮಾತು ಗೊತ್ತೇ ಇದೆ: ಸತ್ತವರಿಗೆ ಗ್ರಹಚಾರ, ಉಳಿದವರಿಗೆ ದೇವರ ದಯೆ. ಇವೆರಡೂ ಬೇರೆ ಬೇರೆ ಮಾತಲ್ಲ. ಎರಡೂ ಸೇರಿ ರಸ್ತೆ ಮಾಡಿದವರನ್ನು, ಅದನ್ನು ಕಾಯಬೇಕಾದವರನ್ನು, ಅದರ ಮೇಲೆ ಹುಚ್ಚು ವೇಗದಲ್ಲಿ ಓಡಿಸುವವರನ್ನು ಒಟ್ಟಿಗೆ ಖುಲಾಸೆ ಮಾಡುತ್ತವೆ. ಯಾವ ಗುತ್ತಿಗೆದಾರನಿಗೂ ಇದಕ್ಕಿಂತ ಅಗ್ಗದ ವಕೀಲ ಸಿಕ್ಕಲಾರ. ದೇವರನ್ನು ಹಾಡಿ ಹೊಗಳುತ್ತ ನಾವು ಅವನನ್ನು ಸೋಮಾರಿ ಇಲಾಖೆಗಳ ಜಾಮೀನುದಾರನನ್ನಾಗಿ ಮಾಡಿದ್ದೇವೆ.

ಇಷ್ಟೆಲ್ಲ ಕೇಳಿದ ಮೇಲೂ ಉಳಿಯುವ ಒಂದು ಆಕ್ಷೇಪಕ್ಕೆ ತೂಕವಿದೆ. ಬಡ ಪ್ರಯಾಣಿಕನ ಮಾತು ಕೇಳುವವರು ಯಾರು? ದೂರು ಕೊಟ್ಟರೆ ಆಗುವುದೇನು? ದೇವರಾದರೂ ಕೇಳಿಸಿಕೊಳ್ಳುತ್ತಾನೆ. ಈ ದಣಿವು ನಿಜವಾದದ್ದು. ಕೌಂಟರಿನ ಮುಂದೆ ನಿಂತು ಬೈಸಿಕೊಂಡವರಿಗೆಲ್ಲ ಅದು ಗೊತ್ತು. ಆದರೆ ಕೆಜಿಎಫ್‌ನವರ ಬಾಯಲ್ಲಿ ಈ ಮಾತು ಒಪ್ಪುವುದಿಲ್ಲ. ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ನಿಯಮದ ವಿರುದ್ಧ 1930ರಲ್ಲಿ ಈ ಗಣಿಗಳ ಸಾವಿರಾರು ಕೂಲಿಗಳು ಕೆಲಸ ನಿಲ್ಲಿಸಿದರು. ಅವರಿಗೆ ಓಟಿರಲಿಲ್ಲ, ಬಹುಪಾಲು ಜನರಿಗೆ ಓದು ಬರುತ್ತಿರಲಿಲ್ಲ, ಜಾತಿಯ ಏಣಿಯಲ್ಲಿ ಕೆಳಗಿನ ಮೆಟ್ಟಿಲಿನವರು, ಎದುರಿಗಿದ್ದದ್ದು ಜಾನ್ ಟೇಲರ್ ಕಂಪನಿ. ಅವರೂ ದೇವರನ್ನು ನಂಬಿದವರೇ. ದೇವರು ನೋಡಿಕೊಳ್ಳುತ್ತಾನೆ ಎಂದು ಬೆರಳು ಒತ್ತಿ ಬರಲಿಲ್ಲ. ಅವರ ಮೊಮ್ಮಕ್ಕಳ ಕೈಯಲ್ಲಿ ಈಗ ಫೋನಿದೆ, 139ಕ್ಕೆ ಕರೆ ಮಾಡಬಹುದು, ರೈಲ್ ಮದದ್‌ನಲ್ಲಿ ಫೋಟೋ ಸಮೇತ ದೂರು ಹಾಕಬಹುದು, ಮಾಹಿತಿ ಹಕ್ಕಿನಲ್ಲಿ ಉತ್ತರ ಕೇಳಬಹುದು. ದಕ್ಷಿಣ ವೃತ್ತದ ರೈಲ್ವೆ ಸುರಕ್ಷತಾ ಆಯುಕ್ತರ ಕಚೇರಿ ಬೆಂಗಳೂರಿನಲ್ಲೇ ಇದೆ, ನಾವು ನಿತ್ಯ ಹೋಗುವ ಊರಿನಲ್ಲಿ. ಆ ಆಯುಕ್ತರು ರೈಲ್ವೆ ಸಚಿವಾಲಯದ ಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗಿದ್ದಾರೆ. ರೈಲ್ವೆಯ ತಪ್ಪನ್ನು ರೈಲ್ವೆಯೇ ಅಳೆಯಬಾರದೆಂದು ಮಾಡಿದ ಏರ್ಪಾಡು ಅದು. ಒಬ್ಬನ ದೂರು ಬುಟ್ಟಿಗೆ ಬೀಳಬಹುದು. ಒಂದೇ ಬಾಗಿಲಿನ, ಒಂದೇ ಪ್ಲಾಟ್‌ಫಾರಂ ಅಂಚಿನ ಬಗ್ಗೆ ಐನೂರು ಜನ ಬರೆದರೆ ಅದನ್ನು ಹಾಕುವಷ್ಟು ದೊಡ್ಡ ಬುಟ್ಟಿ ಯಾವ ಕಚೇರಿಯಲ್ಲೂ ಇಲ್ಲ.

ಪ್ರಶ್ನೆ ಕೇಳಿದರೆ ಭಕ್ತಿಗೆ ಊನ ಎಂಬ ಅಳುಕಿದ್ದರೆ ಅದನ್ನೂ ಬಿಡಿ. ನಮ್ಮ ದಾಸರು ನಿಂದಾಸ್ತುತಿ ಎಂಬ ಪ್ರಕಾರವನ್ನೇ ಬೆಳೆಸಿದರು. ದೇವರ ಮುಖಕ್ಕೇ ನೀನು ಸಾಲಗಾರ, ನೀನು ಕಳ್ಳ, ಕೊಟ್ಟ ಮಾತಿಗೆ ತಪ್ಪಿದವನು ಎಂದು ಜಗಳ ತೆಗೆದರು. ಅವರ ಭಕ್ತಿಯನ್ನು ಇವತ್ತಿಗೂ ಯಾರೂ ಸಂಶಯಿಸಿಲ್ಲ. ತಿರುಪತಿಯ ತಿಮ್ಮಪ್ಪನನ್ನೇ ಜಗ್ಗಿಸಿ ಕೇಳಿದ ಜನ ನಾವು, ಒಬ್ಬ ಸೆಕ್ಷನ್ ಎಂಜಿನಿಯರನ್ನು ಕೇಳಲು ಹೆದರುತ್ತೇವೆ. ವಿನಯವೆಂದು ನಾವು ಹೊಗಳಿಕೊಳ್ಳುವುದು ಬಹಳ ಸಲ ಈ ಹೆದರಿಕೆಯೇ, ಇಲ್ಲವಾದರೆ ಸೋಮಾರಿತನ. ದೇವರಿಗೆ ಕೈಮುಗಿಯಲು ಅರ್ಧ ನಿಮಿಷ ಸಾಕು. ಅರ್ಜಿ ಬರೆಯಲು ಕೂರಬೇಕು, ಗಾಡಿ ನಂಬರು ನೆನಪಿಟ್ಟುಕೊಳ್ಳಬೇಕು, ಮತ್ತೆ ಮತ್ತೆ ವಿಚಾರಿಸಬೇಕು.

ಹರಕೆ ಬಿಡಿ ಎಂದು ನಾನು ಹೇಳುವುದಿಲ್ಲ. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ ನಿಮ್ಮ ಹೆಸರಿನ ಲಿಂಗ ಇಡಿಸುವ ಆಸೆಯಿದ್ದರೆ ಇಡಿಸಿ, ಬಂಗಾರು ತಿರುಪತಿಯ ಮೆಟ್ಟಿಲು ಹತ್ತಿ, ಕುರುಡುಮಲೆಯ ಗಣಪನಿಗೆ ಕಾಯಿ ಒಡೆಯಿರಿ. ಹೋಗುವ ಮೊದಲು ಒಂದು ಕೆಲಸ ಮುಗಿಸಿ. ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಗಾಡಿಯಲ್ಲಿ, ಏನಾಗುವುದಿತ್ತು, ಯಾವುದರಿಂದ ತಪ್ಪಿತು ಎಂದು ಬರೆದು ಸಂಬಂಧಪಟ್ಟವರಿಗೆ ಕಳಿಸಿ. ರಟ್ಟೆ ಹಿಡಿದು ಎಳೆದುಕೊಂಡವನ ಹೆಸರು ಕೇಳಿ, ಬ್ರೇಕು ಹಾಕಿದವನನ್ನು ಹೆಸರು ಹಿಡಿದು ಮೆಚ್ಚಿ ಬರೆಯಿರಿ. ಉಳಿದ ಜೀವ ನಿಜಕ್ಕೂ ದೇವರ ಕೊಡುಗೆಯೆಂದು ನಂಬುವವನಿಗೆ, ಅದೇ ಬಾಗಿಲಿಗೆ ನಾಳೆ ಕಾಲಿಡುವವನ ಜೀವವೂ ಅದೇ ದೇವರದ್ದೆಂದು ಬೇರೆ ಹೇಳಿಕೊಡಬೇಕೆ? ನಮ್ಮ ತೆಂಗಿನಕಾಯಿ ದೇವರಿಗೆ ಒಂದು ವಾರ ತಡವಾಗಿ ಮುಟ್ಟಿದರೆ ಯಾರೂ ಸಾಯುವುದಿಲ್ಲ. ಹೊಸದುರ್ಗದ ಬಗ್ಗೆ ಹೋದ ಪತ್ರ ಮುಟ್ಟಬೇಕಾದವರಿಗೆ ಮುಟ್ಟಬೇಕಾದ ಹಾಗೆ ಮುಟ್ಟದಿದ್ದರೆ ಏನಾಗುತ್ತದೆಂದು ಈಗ ನಮಗೆ ಗೊತ್ತಿದೆ.